ಬೂಟು ಹದ ಮಾಡುವವನು

ಏಪ್ರಿಲ್ 11, 1978, ಮಂಗಳವಾರ

ಒಬ್ಬ ಮನುಷ್ಯನ ಹೊಸ ಬೂಟನ್ನು ಇನ್ನೊಬ್ಬ ಮನುಷ್ಯ ತನ್ನ ಕಾಲಿಗೆ ಹಾಕಿಕೊಂಡು, ಬೊಬ್ಬೆ ಏಳಿಸಿಕೊಂಡು, ಮೆತ್ತಗೆ ಮಾಡಿ ಒಪ್ಪಿಸಬೇಕು ಎನ್ನುವುದು ಅನ್ಯಾಯ. ಇದಕ್ಕೆ ಬೇರೆ ಹೆಸರಿಲ್ಲ. ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ಬುಗಳಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿಯಂತೆ. ಅಲ್ಲಿ ನಡೆಯಲಿ. ಇದು ಅಮೆರಿಕದ ಸೇಂಟ್ ಲೂಯಿಸ್. ಇಲ್ಲಿ ರಾಜರಿಲ್ಲ, ಅವರ ಬೂಟು ಹೊರುವವರೂ ಇರಬಾರದು.

ಇವತ್ತು ಅಭ್ಯಾಸ ಮುಗಿದ ಮೇಲೆ ಕೋಚ್ ಕಾಲ್ಡರ್ ನನ್ನನ್ನು ಎಲ್ಲರೆದುರು ಕರೆದರು. ತಂಡದ ಬ್ರಿಟಿಷರು ಅವರನ್ನು ಕರೆಯುವುದು ಯಜಮಾನರು ಎಂದು. ನಾನು ಹಾಗೆ ಕರೆಯುವುದಿಲ್ಲ.

"ನಿನ್ನ ಕಾಲು ಎಷ್ಟನೇ ನಂಬರು?"

"ಒಂಬತ್ತು."

"ನಾರ್ಮನ್ನನದೂ ಒಂಬತ್ತೇ. ನಾಡಿದ್ದಿಂದ ಅವನ ಬೂಟು ನೀನು ಹದ ಮಾಡು."

"ಅದು ನನ್ನ ಒಪ್ಪಂದದಲ್ಲಿಲ್ಲ," ಎಂದೆ.

"ನಿನ್ನ ಒಪ್ಪಂದದಲ್ಲಿ ಆಡೋದೂ ಇಲ್ವಲ್ಲೋ. ಬೆಂಚ್ ಕಾಯೋದಷ್ಟೇ ಇರೋದು."

ಎಲ್ಲರೂ ನಕ್ಕರು. ನಾರ್ಮನ್ ಥ್ರೆಲ್ಫಾಲ್ ಮಾತ್ರ ನಗಲಿಲ್ಲ. ಅವನಿಗೆ ಮೂವತ್ತೇಳು ವರ್ಷ. ಒಂದು ಕಾಲಕ್ಕೆ ಅವನ ಹೆಸರನ್ನು ಇಡೀ ಕ್ರೀಡಾಂಗಣ ಹಾಡಾಗಿ ಹಾಡುತ್ತಿತ್ತಂತೆ. ಈಗ ಅವನ ಮುಖ ನಮ್ಮೂರಿನ ಬಸ್ಸುಗಳ ಮೇಲಿದೆ, ಅವನು ಮಾತ್ರ ಆ ಬಸ್ಸಿನ ಮೆಟ್ಟಿಲನ್ನು ಕಂಬಿ ಹಿಡಿಯದೆ ಹತ್ತಲಾರ. ಕಳೆದ ಪಂದ್ಯದಲ್ಲಿ ಮೈದಾನದ ಮಧ್ಯೆ ಸಂತೆಗೆ ಬಂದವನ ಹಾಗೆ ನಡೆದಾಡಿದ. ಯುರೋಪು ಹಿಂಡಿ ಬಿಸಾಡಿದವರನ್ನು ತಂದು ನಮ್ಮ ಮಾಲೀಕರು ಟಿಕೆಟ್ ಮಾರುತ್ತಾರೆ. ನಿಯಮದ ಪ್ರಕಾರ ಮೈದಾನದಲ್ಲಿ ಇಬ್ಬರು ಅಮೆರಿಕದವರು ಇರಲೇಬೇಕಾದ್ದರಿಂದ ನಮ್ಮಂಥವರನ್ನು ಇಟ್ಟುಕೊಂಡಿದ್ದಾರೆ.

ಸಾಲ್ ಗ್ರಾಸ್ಸೋ ನನ್ನನ್ನು ಕಾರಿನಲ್ಲಿ ಮನೆಗೆ ಬಿಟ್ಟ. ಅವನು ನಮ್ಮ ಗೋಲಿ, ಗೋಲು ಕಾಯುವವನು. ಚರ್ಚಿನ ತಂಡದಲ್ಲಿ ಆಡುತ್ತಿದ್ದ ಕಾಲದಿಂದ ಗೆಳೆಯ. ಆಟಗಾರರ ಸಂಘ ಕಟ್ಟಬೇಕೆಂದು ಹೊರಟವರು ನಾವಿಬ್ಬರೇ. ಬಡಗಿಗಳ ಸಂಘದ ಕಟ್ಟಡದಲ್ಲಿ ಸಿಗುವ ಅಗ್ಗದ ಕಿರುಹೊತ್ತಗೆಗಳನ್ನೆಲ್ಲ ನಾನು ಓದಿ ಮುಗಿಸಿದ್ದೇನೆ. ಸಾಲ್ ಓದುವುದಿಲ್ಲ, ಆದರೆ ತಲೆ ಓಡಿಸುತ್ತಾನೆ.

"ಬೂಟು ಹಾಕ್ಕೊಳ್ಳೋ," ಅಂದ.

"ಹುಚ್ಚೇನೋ ನಿಂಗೆ?"

"ಕೇಳಿಲ್ಲಿ. ಹೊರದೇಶದವ್ರು ಸಂಘದ ಅರ್ಜಿಗೆ ಯಾಕೆ ಸಹಿ ಹಾಕ್ತಿಲ್ಲ? ವೀಸಾ ಹೋಗುತ್ತೆ, ಊರಿಗೆ ಕಳಿಸ್ತಾರೆ ಅಂತ ಭಯ. ಥ್ರೆಲ್ಫಾಲ್ ಹಾಕಿದ ಅಂದ್ರೆ ಎಲ್ರೂ ಹಾಕ್ತಾರೆ. ದಿನಾ ಅವನ ಜೊತೆ ಒಂದೆರಡು ಗಂಟೆ ಸಿಗುತ್ತೆ ನಿಂಗೆ. ಪುಣ್ಯಾತ್ಮ, ಇನ್ನೇನು ಬೇಕು?"

ಸರಿ. ಒಂದು ಸಹಿಗಾಗಿ ಹಾಕಿಕೊಳ್ಳುತ್ತೇನೆ. ಇದು ಸೇವೆಯಲ್ಲ, ತಂತ್ರ.

ಏಪ್ರಿಲ್ 13

ತೊಟ್ಟಿಯಲ್ಲಿ ಉಗುರುಬೆಚ್ಚಗಿನ ನೀರು. ಬರಿಗಾಲಿಗೆ ಬೂಟು. ಕಾಲುಚೀಲ ಹಾಕಲು ಹೋದಾಗ ಥ್ರೆಲ್ಫಾಲ್ ಬೇಡವೆಂದು ತಲೆಯಾಡಿಸಿದ. ತೊಟ್ಟಿಯ ಅಂಚಿನಲ್ಲಿ ಕೂತು, ಪ್ಯಾಂಟನ್ನು ಮೊಣಕಾಲ ತನಕ ಮಡಚಿ, ನನ್ನ ಪಾದಗಳನ್ನೇ ನೋಡುತ್ತಿದ್ದ. ಅವನ ಬಲಮೊಣಕಾಲಿನ ಒಳಬದಿಯಲ್ಲಿ ಉದ್ದನೆಯ ಹೊಲಿಗೆಯ ಗುರುತು. ಎಂದೋ ಒಳಗಿನ ಮೃದ್ವಸ್ಥಿಯನ್ನೆಲ್ಲ ಕಿತ್ತು ತೆಗೆದರಂತೆ.

"ಈಗ ಎದ್ದು ನಡಿ ಮಗಾ. ಒಣಗೋ ತನಕ ನಿಲ್ಬಾರ್ದು. ನಿಂತ್ರೆ ಅದು ನಿಂತಿರೋದನ್ನೇ ಕಲಿಯುತ್ತೆ."

"ಚರ್ಮ ಕಲಿಯುತ್ತಾ?"

"ಇನ್ನೇನು, ನೀನು ಕಲೀತೀಯಾ?"

ಮೈದಾನದ ಸುತ್ತ ನಡೆದೆ. ಸಂಘದ ಮಾತೆತ್ತಿದೆ. ಪಂದ್ಯದಲ್ಲಿ ಮುರಿದ ಕಾಲಿಗೆ ಪರಿಹಾರವಿಲ್ಲ, ಹೇಳದೆ ಕೇಳದೆ ಬೇರೆ ಊರಿಗೆ ಮಾರುತ್ತಾರೆ, ಎಲ್ಲವನ್ನೂ ಹೇಳಿದೆ. ಅವನು ಪಕ್ಕದಲ್ಲಿ ಕುಂಟುತ್ತ ಕೇಳಿದ.

"ಚೆನ್ನಾಗಿ ಮಾತಾಡ್ತೀಯ," ಅಂದ. "ಈ ಜೊತೆ ಆಗ್ಲಿ. ಆಮೇಲೆ ನೋಡೋಣ."

ಹಿಮ್ಮಡಿಯಲ್ಲಿ ರಕ್ತ. ಅಮ್ಮನಿಗೆ ತೋರಿಸಲಿಲ್ಲ.

ಏಪ್ರಿಲ್ 24

ಎರಡನೇ ಜೊತೆ. ಈ ಸಲ ಬೊಬ್ಬೆ ಏಳಲಿಲ್ಲ.

ಬಸ್ಸಿಳಿದು ಮನೆಗೆ ನಡೆಯುವಾಗ ಒಂದು ಸಣ್ಣ ಪ್ರಮಾದ. ಏನೋ ಯೋಚಿಸುತ್ತ ಚರ್ಚು ದಾಟಿ ಎಡಕ್ಕೆ ಓಣಿಗೆ ತಿರುಗಿದೆ. ಅಲ್ಲಿ ಓಣಿಯಿಲ್ಲ, ಗೋಡೆಯಿದೆ. ಹುಟ್ಟಿದಾಗಿನಿಂದ ನೋಡಿದ ಗೋಡೆ. ಅದರ ಮೇಲೆ ಕೈಯಿಟ್ಟುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ, ಚರ್ಚಿನ ಅಜ್ಜಿಯೊಬ್ಬಳು ಬಂದು, "ಯಾರ್ ಮನೆ ಹುಡುಕ್ತಿದ್ದೀರಪ್ಪಾ?" ಎಂದು ಕೇಳಿದಳು. ನನ್ನನ್ನು ತೊಟ್ಟಿಲಿನಲ್ಲಿ ಕಂಡವಳು. ವಯಸ್ಸಾದವರಿಗೆ ಕಣ್ಣು ಮಂಜು.

ಗಾಳಿಯಲ್ಲಿ ಒದ್ದೆ ಕಲ್ಲಿದ್ದಲ ಹೊಗೆಯ ವಾಸನೆಯಿತ್ತು. ನಮ್ಮ ಬೀದಿಯಲ್ಲಿ ಬರುವುದು ಬಿಯರ್ ಕಾರ್ಖಾನೆಯ ಧಾನ್ಯದ ವಾಸನೆ, ಅದೇ ಇರಬೇಕು. ಕಾರ್ಮಿಕರ ಕೇರಿಗಳಲ್ಲಿ ಗಾಳಿಯ ಗತಿ ಹೀಗಿದೆ. ಇದರ ಬಗ್ಗೆ ಒಂದು ಕರಪತ್ರ ಬರೆಯಬೇಕು.

ಮೇ 6, ಶನಿವಾರ

ಮೊದಲ ಬಾರಿ ಆರಂಭದಿಂದಲೇ ಆಡಿಸಿದರು.

ಅರ್ಧ ಗಂಟೆ ಕಳೆದಿರಬೇಕು. ಚೆಂಡು ನನ್ನ ಕಾಲಿಗೆ ಬಂತು. ತಲೆಯೆತ್ತಿ ನೋಡಲಿಲ್ಲ. ಪಾದದ ಹೊರಬದಿಯಿಂದ, ಯಾರೂ ಇಲ್ಲದ ಒಂದು ಮೂಲೆಗೆ, ದೂರಕ್ಕೆ ಬಾಗಿಸಿ ಹೊಡೆದೆ. ಪಾದದ ಹೊರಬದಿಯಿಂದ ಹೊಡೆಯುವುದು ನನಗೆ ಯಾವತ್ತೂ ಬಂದಿಲ್ಲ. ಚೆಂಡು ನೆಲಕ್ಕೆ ಬೀಳುವಷ್ಟರಲ್ಲಿ ಥ್ರೆಲ್ಫಾಲ್ ಅಲ್ಲಿದ್ದ. ಓಡಿಕೊಂಡು ಬಂದಿದ್ದ. ಬಸ್ಸಿನ ಮೆಟ್ಟಿಲು ಹತ್ತಲಾರದವನು ಇಬ್ಬರು ಹುಡುಗರನ್ನು ಹಿಂದೆ ಹಾಕಿ ಓಡಿದ್ದ. ಗೋಲು.

ಎಲ್ಲರೂ ಅವನ ಮೇಲೆ ಬಿದ್ದು ಅಪ್ಪಿಕೊಂಡರು. ಅವನು ಅವರನ್ನು ಸರಿಸಿ ನನ್ನ ಹತ್ತಿರ ಬಂದು ಕಿವಿಯಲ್ಲಿ ಹೇಳಿದ: "ಅದು ನನ್ನ ಪಾಸು."

ತನಗಾಗಿ ಕೊಟ್ಟ ಪಾಸು ಎಂದಿರಬೇಕು. ಹೊಗಳುವುದರಲ್ಲಿ ಜಿಪುಣ.

ಮೇ 20

ಬಲಮೊಣಕಾಲು ಊದಿದೆ. ಕಾರಣ ಸ್ಪಷ್ಟ. ನಮ್ಮ ಮೈದಾನ ಹುಲ್ಲಿನದ್ದಲ್ಲ, ಕಾಂಕ್ರೀಟಿನ ಮೇಲೆ ಹಾಸಿದ ಪ್ಲಾಸ್ಟಿಕ್ಕಿನದು. ಹುಲ್ಲಿಗೆ ನೀರು ಹಾಕುವ ಖರ್ಚು ಉಳಿಸಲು ಮನುಷ್ಯರ ಕೀಲು ಸವೆಸುತ್ತಾರೆ. ಮಧ್ಯಾಹ್ನವಿಡೀ ಇದರ ಬಗ್ಗೆ ಬರೆದೆ. ಲಾಭದ ಲೆಕ್ಕದಲ್ಲಿ ಮೊಣಕಾಲಿಗೆ ಜಾಗವಿಲ್ಲ ಎಂದು ಆರಂಭ. ಚೆನ್ನಾಗಿ ಬಂದಿದೆ.

ಅಮ್ಮ ಟೇಬಲ್ಲಿನ ಆಚೆಯಿಂದ ನೋಡುತ್ತಿದ್ದಳು.

"ಯಾವಾಗಿಂದ ಟೀಗೆ ಹಾಲು ಹಾಕ್ಕೊಳ್ಳೋಕೆ ಶುರು ಮಾಡ್ದೆ?"

"ಯಾವಾಗ್ಲೂ ಹಾಕ್ಕೊಳ್ತೀನಲ್ಲ."

"ನೀನು ಟೀಯೇ ಕುಡೀತಿರ್ಲಿಲ್ವಲ್ಲೋ ಟೆರಿ."

ಕುಡಿಯುತ್ತಿರಲಿಲ್ಲವೇನೋ. ಶೂ ಕಾರ್ಖಾನೆ ಮುಚ್ಚಿ ಅವಳ ಕೆಲಸ ಹೋದಂದಿನಿಂದ ಅಮ್ಮ ಸಣ್ಣಪುಟ್ಟದಕ್ಕೆಲ್ಲ ಚಿಂತೆ ಮಾಡುತ್ತಾಳೆ.

ಸಹಿಯ ಬಗ್ಗೆ ಥ್ರೆಲ್ಫಾಲ್‌ನನ್ನು ಮತ್ತೆ ಕೇಳಿದೆ. ಇನ್ನೊಂದು ಜೊತೆ ಆಗಲಿ ಎಂದ.

ಜೂನ್ 3

ಊರಾಚೆಯ ದೊಡ್ಡ ಮಳಿಗೆಯಲ್ಲಿ ಪ್ರಚಾರ ಕಾರ್ಯಕ್ರಮ. ಥ್ರೆಲ್ಫಾಲ್ ಹಸ್ತಾಕ್ಷರ ಹಾಕುವುದು, ನಾನು ಪಕ್ಕದಲ್ಲಿ ಫೋಟೋ ಜೋಡಿಸಿ ಕೊಡುವುದು. ಇಂಥ ದುಡಿಮೆಗೆ ಚಿಕ್ಕಾಸೂ ಕೊಡುವುದಿಲ್ಲ. ಪಟ್ಟು ಹಿಡಿಯಬೇಕಾದ ವಿಷಯ.

ಸಾಲಿನಲ್ಲಿ ಒಬ್ಬ ಇಂಗ್ಲಿಷ್ ಮುದುಕಿ. ಯುದ್ಧದ ಕಾಲದಲ್ಲಿ ಇಲ್ಲಿಯ ಸೈನಿಕನನ್ನು ಮದುವೆಯಾಗಿ ಬಂದವಳಂತೆ. ಥ್ರೆಲ್ಫಾಲ್‌ನ ಎದುರಿಗೆ ಬಂದವಳು ಅವನನ್ನು ದಾಟಿ ನನ್ನ ಮುಂದೆ ನಿಂತಳು. ನನ್ನ ಕೈ ಹಿಡಿದುಕೊಂಡಳು.

"ಮಗಾ, ಅಮ್ಮ ಚೆನ್ನಾಗಿದ್ದಾಳಾ? ಇನ್ನೂ ಆ ಸೇತುವೆ ಪಕ್ಕದ ಮನೇಲೇನಾ?"

"ಅಮ್ಮ ಹೋದ್ಲು, ಆ ದೊಡ್ಡ ಚಳಿ ವರ್ಷ," ಅಂದೆ. "ಮನೆ ಕೆಡವಿಬಿಟ್ರು. ಅಂಗಳದ ನಲ್ಲಿ ಒಂದು ಉಳಿದಿತ್ತು."

"ಅಯ್ಯೋ ಪಾಪ," ಎಂದು ಕೆನ್ನೆ ಸವರಿ ಹೋದಳು.

ಥ್ರೆಲ್ಫಾಲ್ ಪೆನ್ನು ಕೆಳಗಿಟ್ಟಿದ್ದ.

"ನಲ್ಲಿ ವಿಷ್ಯ ನಿಂಗೆ ಯಾರು ಹೇಳಿದ್ರು?"

"ನೀನೇ ಹೇಳಿರ್ಬೇಕು. ನಡೀತಾ ನಡೀತಾ."

"ಇರ್ಬೋದು," ಎಂದ. ಖಂಡಿತ ಅವನೇ ಹೇಳಿರಬೇಕು. ಇಲ್ಲದಿದ್ದರೆ ನನಗೆ ಹೇಗೆ ಗೊತ್ತು?

ಜೂನ್ 14

ಕ್ಲಬ್ಬಿನ ಡಾಕ್ಟರು ಮೊಣಕಾಲಿನ ಒಳಗೆ ಬಣ್ಣದ ದ್ರವ ಚುಚ್ಚಿ ಚಿತ್ರ ತೆಗೆಸಿದರು. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಆಪರೇಷನ್ ಎಲ್ಲಿ ಮಾಡಿಸಿದ್ದು?"

"ಮಾಡಿಸಿಲ್ಲ."

"ಒಳಬದಿ ಮೃದ್ವಸ್ಥಿ ಪೂರ್ತಿ ಇಲ್ಲ ಕಣಪ್ಪ. ಎಂದೋ ತೆಗೆದಿದ್ದಾರೆ. ಎಲುಬಿಗೆ ಎಲುಬು ಉಜ್ಜಿ ಉಜ್ಜಿ ನುಣುಪಾಗಿದೆ. ಇದು ಹದಿನೈದು ವರ್ಷದ ಸವೆತ." ನನ್ನ ಕಾಲನ್ನು ತಿರುಗಿಸಿ ತಿರುಗಿಸಿ ನೋಡಿದರು. ಹೊಲಿಗೆಯ ಗುರುತು ಎಲ್ಲಿಯೂ ಇಲ್ಲ. "ನಿಂಗೆಷ್ಟು ವಯಸ್ಸು?"

"ಇಪ್ಪತ್ತೆರಡು."

ಅವರು ಏನೂ ಬರೆದುಕೊಳ್ಳಲಿಲ್ಲ. ಸೂಜಿ ಹಾಕಿ ಕಳಿಸಿದರು.

ಇದರ ಗುಟ್ಟು ನನಗೆ ಗೊತ್ತು. ಹಳೆಯ ಪೆಟ್ಟು ಎಂದು ಸಾಧಿಸಿಬಿಟ್ಟರೆ ಕ್ಲಬ್ಬು ಪರಿಹಾರ ಕೊಡಬೇಕಾಗಿಲ್ಲ. ಎಲ್ಲ ಕಡೆಯೂ ಮಾಲೀಕರ ಡಾಕ್ಟರುಗಳು ಮಾಡುವುದು ಇದನ್ನೇ. ಹೊತ್ತಗೆಯಲ್ಲಿ ಓದಿದ್ದೇನೆ.

ಜೂನ್ 15

ಮಳೆ. ಮೊಣಕಾಲಿಗೆ ನಿನ್ನೆಯೇ ಗೊತ್ತಾಗಿತ್ತು.

ಜೂನ್ 28

ಇವತ್ತು ಸಾಲ್ ಜಗಳಕ್ಕೆ ಬಂದ. ಸಂಘದ ಸಭೆಗೆ ನಾನು ಎರಡು ಸಲ ಹೋಗಲಿಲ್ಲವಂತೆ. ಮರೆತಿದ್ದೆ. ಸಂಜೆಯಾದರೆ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂರುವುದು ಬಿಟ್ಟು ಬೇರೇನೂ ಬೇಡ ಅನ್ನಿಸುತ್ತದೆ.

"ಲೇ ಟೆರಿ, ನೀನು ನಡೆಯೋದನ್ನ ಕನ್ನಡೀಲಿ ನೋಡಿದ್ದೀಯಾ?"

"ಮೊಣಕಾಲು ನೋವು. ಪ್ಲಾಸ್ಟಿಕ್ ಹಾಸು."

"ನಾನೂ ಅದೇ ಹಾಸಿನ ಮೇಲೆ ಬೀಳ್ತಾ ಇದ್ದೀನಿ. ನಂಗ್ಯಾಕೆ ಆಗಿಲ್ಲ? ಹಾಳು ಬೂಟು ತೆಗೆದು ಅವನ ಮುಖದ ಮೇಲೆ ಎಸಿ. ಸಹಿ ಬೇಡ, ಏನೂ ಬೇಡ. ನಾನೇ ಹೇಳಿದ್ದು, ನಾನೇ ಬೇಡ ಅಂತಿದ್ದೀನಿ."

"ಈಗ ತಾನೇ ಕಾಲಿಗೆ ಕೂತಿವೆ," ಅಂದೆ.

ಸಾಲ್ ನನ್ನನ್ನು ನೋಡಿದ ರೀತಿ ಹಿಡಿಸಲಿಲ್ಲ. ಬಾಗಿಲಲ್ಲಿ ನಿಂತು, "ನಮ್ಮ ಚರ್ಚ್ ತಂಡದಲ್ಲಿ ನಿನ್ನ ಅಡ್ಡಹೆಸರು ಏನಿತ್ತು, ಹೇಳು," ಎಂದ. ಇಂಥ ಮಕ್ಕಳಾಟಕ್ಕೆಲ್ಲ ನನಗೆ ಪುರುಸೊತ್ತಿಲ್ಲ ಎಂದೆ. ಅವನು ಹೋದ ಮೇಲೆ ನೆನಪಿಸಿಕೊಳ್ಳಲು ನೋಡಿದೆ. ಬರಲಿಲ್ಲ. ಬಂದರೂ ಏನಾಗಬೇಕಿತ್ತು?

ಅಮ್ಮನ ಕಥೆಯೂ ಇದೇ. ಮೊನ್ನೆ ನಾನು ಮೆಟ್ಟಿಲು ಹತ್ತಿ ಬರುವಾಗ ಕಬ್ಬಿಣದ ಬಾಣಲೆ ಎತ್ತಿಕೊಂಡು ಬಾಗಿಲ ಹಿಂದೆ ನಿಂತಿದ್ದಳು. ಯಾರೋ ಬೇರೆ ಗಂಡಸಿನ ಹೆಜ್ಜೆ ಅನ್ನಿಸಿತಂತೆ.

ಜುಲೈ 9

ಥ್ರೆಲ್ಫಾಲ್ ಈಗ ಪಂದ್ಯ ಪೂರ್ತಿ ಓಡುತ್ತಾನೆ. ಪತ್ರಿಕೆಯವರು ನಮ್ಮ ನದಿಯ ನೀರಿನ ಮಹಿಮೆ ಎಂದು ಬರೆದಿದ್ದಾರೆ. ಬಸ್ಸಿನ ಮೆಟ್ಟಿಲನ್ನು ಎರಡೆರಡಾಗಿ ಹಾರಿ ಹತ್ತುತ್ತಾನೆ. ನಾನು ಕಂಬಿ ಹಿಡಿದು ಬರುತ್ತೇನೆ, ಅವಸರವೇನಿದೆ.

ಇವತ್ತು ತೊಟ್ಟಿಯ ಹತ್ತಿರ ಅವನೇ ಮಾತು ತೆಗೆದ.

"ನಾನೂ ಬೂಟು ಹದ ಮಾಡ್ದೋನೇ. ಹದಿನೈದು ವರ್ಷದ ಹುಡುಗ ಆಗ. ನಮ್ಮ ತಂಡದ ಹಿರಿಯ, ಅಲ್ಬರ್ಟ್ ಅಂತ. ಎರಡು ವರ್ಷ ಅವನ ಬೂಟು ನನ್ನ ಕಾಲಲ್ಲಿ."

"ಗೊತ್ತು," ಎಂದೆ.

"ಅದಕ್ಕೂ ಮುಂಚೆ ನಾನು ಎಡಗಾಲಿನವನು ಅಂತ ನಮ್ಮಕ್ಕ ಹೇಳ್ತಾಳೆ. ಚರ್ಚಲ್ಲಿ ಹಾಡ್ತಿದ್ನಂತೆ. ನಂಗೆ ನೆನಪಿಲ್ಲ. ನೀರು ಕಂಡ್ರೆ ಭಯ ನಂಗೆ. ಆದ್ರೆ ಯುದ್ಧದಲ್ಲಿ ಮುಳುಗೋ ಹಡಗಲ್ಲಿದ್ದೋನು ಅಲ್ಬರ್ಟು, ನಾನಲ್ಲ." ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡ. "ಇಷ್ಟು ವರ್ಷ ಆಡಿದೋನು ಯಾರು ಅಂತ ಕೆಲವು ಸಲ ಯೋಚ್ನೆ ಬರುತ್ತೆ. ಸಾಕು ಮಾಡೋಣ ಟೆರಿ. ತೆಗೆದಿಡು. ಉಳಿದ ಜೊತೆ ನಾನೇ ಹಾಕ್ಕೊಂಡು ನಡೀತೀನಿ."

ಬಿಸಿರಕ್ತದವರಿಗೆ ಇಂಥ ಆತಂಕಗಳು ಸಹಜ.

"ಒಣಗೋ ತನಕ ನಿಲ್ಬಾರ್ದು," ಎಂದು ಹೇಳಿ ಎದ್ದು ನಡೆದೆ. ಅವನು ಹಿಂದಿನಿಂದ ಎರಡು ಸಲ ಕೂಗಿದ. ನಾನು ಸುತ್ತು ಮುಗಿಸಿಯೇ ಬಂದೆ.

ಹೋಗುವಾಗ ನನ್ನ ಕಿರುಹೊತ್ತಗೆಗಳನ್ನು ಕೇಳಿದ. ಎಲ್ಲವನ್ನೂ ಕೊಟ್ಟೆ. ಅಕ್ಷರ ಸಣ್ಣದು, ಓದಿದರೆ ತಲೆನೋವು ಬರುತ್ತದೆ.

ಜುಲೈ 17

ಥ್ರೆಲ್ಫಾಲ್ ಸಹಿ ಹಾಕಿದ. ಅವನ ಹಿಂದೆ ಹೊರದೇಶದವರೆಲ್ಲರೂ ಹಾಕಿದರು, ಇಬ್ಬರ ಹೊರತು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಬೆಂಚಿನ ಮೇಲೆ ನಿಂತು ಮಾತಾಡಿದ. "ಲಾಭದ ಲೆಕ್ಕದಲ್ಲಿ ಮೊಣಕಾಲಿಗೆ ಜಾಗ ಇಲ್ಲ," ಎಂದು ಆರಂಭಿಸಿದ. ಎಲ್ಲಿಯೋ ಕೇಳಿದ ಮಾತು. ಬೂಟು ಹದ ಮಾಡಿಸುವ ಪದ್ಧತಿ ಇವತ್ತೇ ಕೊನೆಯಾಗಬೇಕು, ಒಬ್ಬನ ಕಾಲು ಇನ್ನೊಬ್ಬನ ಸ್ವತ್ತಲ್ಲ ಎಂದು ಮುಗಿಸಿದ. ಕಣ್ಣುಗಳು ಉರಿಯುತ್ತಿದ್ದವು. ಹುಡುಗರು ಬೆಂಚು ಗುದ್ದಿದರು. ಸಾಲ್ ಮಾತ್ರ ನನ್ನ ಪಕ್ಕದಲ್ಲಿ ಕೂತು ತಲೆ ತಗ್ಗಿಸಿಕೊಂಡಿದ್ದ. ಅತ್ತಿದ್ದನೋ ಏನೋ.

"ನೀನು ಅಂದ್ಕೊಂಡಿದ್ದೆಲ್ಲ ಆಯ್ತಲ್ಲೋ," ಎಂದ.

ಆಯಿತು. ಆದರೆ ನನಗೆ ಒಳಗೊಳಗೆ ಹೆದರಿಕೆ. ಇವರಿಗೆ ವಯಸ್ಸಿದೆ, ಇವರು ಹಾರಾಡಬಹುದು. ವೀಸಾ ರದ್ದು ಮಾಡಿ ವಿಮಾನ ಹತ್ತಿಸಿದರೆ ನಮ್ಮಂಥವರು ಏನು ಮಾಡುವುದು? ನಮ್ಮ ಕಡೆ ಈಗ ಗಿರಣಿಗಳೂ ಇಲ್ಲ. ಮನೆಯನ್ನೂ ಕೆಡವಿದ್ದಾರೆ. ಈ ಕಾಲಿಟ್ಟುಕೊಂಡು ಅಲ್ಲಿ ಯಾವ ಕ್ಲಬ್ಬು ಕರೆಯುತ್ತದೆ?

ಜುಲೈ 23, ಭಾನುವಾರ

ಬುಧವಾರ ಸಂಜೆ ಬಡಗಿಗಳ ಸಂಘದ ಕಟ್ಟಡದಲ್ಲಿ ಸಭೆ. ಆಟ ನಿಲ್ಲಿಸಬೇಕೋ ಬೇಡವೋ ಎಂದು ಮತ ಹಾಕುತ್ತಾರಂತೆ. ಥ್ರೆಲ್ಫಾಲ್ ಬಂದು ಹೇಳಿ ಹೋದ. ಸಹಿ ಹಾಕಿದವರ ಹೆಸರು ಮಾಲೀಕರಿಗೆ ಅಲ್ಲಿಯ ತನಕ ತಿಳಿಯಬಾರದಂತೆ. ಮೊದಲೇ ತಿಳಿದರೆ ಒಬ್ಬೊಬ್ಬರನ್ನೇ ಮಾರಿ ಸಂಘವನ್ನು ಮುಗಿಸಿಬಿಡುತ್ತಾರಂತೆ.

"ನೀನು ಬರ್ಲೇಬೇಕು," ಎಂದ. "ಇದು ನಿಂದು ಟೆರಿ. ನನ್ನ ಹತ್ರ ಹೇಗೆ ಬಂತು ಅಂತ ನಂಗೊತ್ತು. ನಿಂಗೂ ಗೊತ್ತಿರ್ಬೇಕು."

ಒಳ್ಳೆಯ ಹುಡುಗ. ಸ್ವಲ್ಪ ಜಾಸ್ತಿ ಮಾತಾಡುತ್ತಾನೆ.

ಜುಲೈ 24, ಸೋಮವಾರ

ಇವತ್ತು ಮಧ್ಯಾಹ್ನ ಕೊರಳಿನ ಕೋಚ್ ಸೀಟಿಯನ್ನೂ ತೆಗೆಯದೆ ಯಜಮಾನರೇ ಮನೆಗೆ ಬಂದರು. ನಾನು ಮುಂದಿನ ಮೆಟ್ಟಿಲ ಮೇಲೆ ಬಿಸಿಲಿಗೆ ಕಾಲು ಚಾಚಿ ಕೂತಿದ್ದೆ. ಪಕ್ಕದಲ್ಲಿ ಕೂತು ಸಿಗರೇಟು ಹಚ್ಚಿದರು. ಸಂಘ ಎಷ್ಟು ದೂರ ಬಂದಿದೆ ಎಂದು ಅವರಿಗೆ ಸುಳಿವು ಸಿಕ್ಕಿದೆ, ಯಾರು ಯಾರು ಎಂದು ಮಾತ್ರ ಗೊತ್ತಿಲ್ಲ.

"ನೀನು ಹೆಸರು ಹೇಳಿದ್ರೆ ಮಾಲೀಕರು ನಿನ್ನ ಕೈ ಬಿಡಲ್ಲ."

"ನನ್ನ ವೀಸಾ?"

ಯಜಮಾನರು ಸಿಗರೇಟನ್ನು ಬಾಯಿಂದ ತೆಗೆದರು. "ವೀಸಾನಾ? ನಿಂಗಾ?"

"ಊರಿಗೆ ಕಳಿಸಲ್ಲ ತಾನೇ? ಅಲ್ಲಿ ನಂಗೆ ಯಾರೂ ಇಲ್ಲ ಯಜಮಾನ್ರೇ."

ಅವರು ನನ್ನ ಮೊಣಕಾಲನ್ನೊಮ್ಮೆ, ಮುಖವನ್ನೊಮ್ಮೆ ನೋಡಿದರು. ಆಮೇಲೆ ಭುಜ ತಟ್ಟಿ, "ನೋಡ್ಕೊಳ್ತಾರೆ. ಅದನ್ನೂ ನೋಡ್ಕೊಳ್ತಾರೆ," ಎಂದರು. ಎದ್ದು ಕಾರಿನ ಕಡೆಗೆ ಸ್ವಲ್ಪ ಅವಸರದಲ್ಲೇ ಹೋದರು.

ಈ ಮನೆಯ ಹೆಂಗಸು ಜಾಲರಿ ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಟೆರಿ, ನಿನ್ನ ಊರು ಇದೇ ಅಲ್ವೇನೋ?" ಎಂದಳು. ಅಡುಗೆಯ ಏಪ್ರನ್ನಿನ ಅಂಚಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಒಳ್ಳೆಯವಳು. ಇಷ್ಟು ದಿನ ಇಟ್ಟುಕೊಂಡು ಚೆನ್ನಾಗಿ ನೋಡಿಕೊಂಡಳು. ಟೀ ಮಾಡುವುದಷ್ಟೇ ಬರುವುದಿಲ್ಲ. ಬಾಡಿಗೆಯ ವಿಷಯ ಯಾವತ್ತೂ ಎತ್ತಿಲ್ಲ ಎನ್ನುವುದು ಈಗ ಹೊಳೆಯಿತು. ಏನಾದರೂ ಕೊಡಬೇಕು.

ಹೆಸರುಗಳನ್ನೆಲ್ಲ ಒಮ್ಮೆ ಮನಸ್ಸಿನಲ್ಲೇ ಹೇಳಿಕೊಂಡು ನೋಡಿದೆ. ನೆನಪಿವೆ. ಗೋಲಿಯ ಹೆಸರು ಮಾತ್ರ ತಡವಾಯಿತು, ಆದರೂ ಬಂತು.

ಹೇಳುವುದು ಬುಧವಾರ, ಸಭೆಗೆ ಮೊದಲೇ, ಬೆಳಿಗ್ಗೆ ಹತ್ತು ಗಂಟೆಗೆ, ಮಾಲೀಕರ ಕಚೇರಿಯಲ್ಲಿ.